ಕುರುಗೋಡಿನ ನೂರು ಪ್ಯಾಂಟು

ಐನೂರು ಪ್ಯಾಂಟುಗಳ ಮೇಲೆ ಬಿಳಿ ಚಾದರ ಹೊದಿಸಿ, ಅಂಚನ್ನು ಸುತ್ತಲೂ ಒಳಗೆ ಸಿಕ್ಕಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಇನಾಯತ್ ಮತ್ತೆ ಹೋಗಿ ಅಂಚು ಸಿಕ್ಕಿಸಿದ. ಬೆಳಿಗ್ಗೆಯಿಂದ ಇದು ನಾಲ್ಕನೇ ಸಲ. ಕಿಟಕಿ ಮುಚ್ಚಿದರೂ ಬಳ್ಳಾರಿಯ ಗಣಿಯ ಕೆಂಪು ಧೂಳು ಬ್ರೂಸ್‌ಪೇಟೆಯ ಆ ಓಣಿಯೊಳಕ್ಕೆ ಹೇಗೋ ದಾರಿ ಮಾಡಿಕೊಂಡು ಬಂದು ಮಷಿನ್ನುಗಳ ಮೇಲೆ, ನೀರಿನ ಕೊಡದ ಮೇಲೆ, ಮನುಷ್ಯರ ಹುಬ್ಬಿನ ಮೇಲೆ ಕೂರುತ್ತಿತ್ತು. ಆ ಧೂಳಿನಿಂದಲೇ ಊರಿನಲ್ಲಿ ಯಾರು ಯಾರೋ ಬಂಗಲೆ ಕಟ್ಟಿದ್ದರು, ಒಬ್ಬಿಬ್ಬರು ಹೆಲಿಕಾಪ್ಟರಿನಲ್ಲಿ ಓಡಾಡುತ್ತಿದ್ದರು. ಇನಾಯತನ ಪಾಲಿಗೆ ಮಾತ್ರ ಅದು ನೀಲಿ ಬಟ್ಟೆಯ ಮೇಲೆ ಕೂತರೆ ಏಳದ ಕಲೆ. ಅವನ ದರ್ಜಿಗಳಲ್ಲಿ ಹನ್ನೆರಡು ಮಂದಿ ಕತ್ತರಿ ಬಿಟ್ಟು ಗಣಿಯ ಟಿಪ್ಪರಿನ ಸ್ಟಿಯರಿಂಗ್ ಹಿಡಿದು ಎರಡು ವರ್ಷವಾಗಿತ್ತು. "ಅದೇನ್ ಹಸುಗೂಸನ್ರಿ? ಸಾಕು ಬಿಡ್ರಿ ಹೊದಿಸಿದ್ದು," ಎಂದು ಮೆಟ್ಟಿಲ ಮೇಲಿಂದ ಹೆಂಡತಿ ಪರ್ವೀನ್ ನಕ್ಕಳು. ಕೆಳಗೆ ಹೊಲಿಗೆ, ಮೇಲೆ ಮನೆ. ಅವಳು ನಕ್ಕಿದ್ದು ಒಳ್ಳೆಯದೇ ಆಯಿತು, ಇಲ್ಲದಿದ್ದರೆ ಐದನೇ ಸಲವೂ ಹೋಗುತ್ತಿದ್ದ.

ಮೂರು ಗಂಟೆಗೆ ಬೆಂಗಳೂರಿನ ರಫ್ತು ಕಚೇರಿಯಿಂದ ಅಧಿಕಾರಿ ಬರುವವರಿದ್ದರು. ಸಂಜೆ ಐದಕ್ಕೆ ಲಾರಿ ಚೆನ್ನೈ ಬಂದರಿಗೆ ಹೊರಡಬೇಕು, ಅಲ್ಲಿಂದ ಹಡಗಿನಲ್ಲಿ ಕೊರಿಯಾಕ್ಕೆ. ಮಾಲು ಈ ನೆಲದಲ್ಲೇ ಹುಟ್ಟಿದ್ದು ಎಂದು ಅಧಿಕಾರಿ ಕಣ್ಣಾರೆ ನೋಡಿ ಬರೆದುಕೊಟ್ಟರೆ ಕೊರಿಯಾದಲ್ಲಿ ಅದಕ್ಕೆ ಸುಂಕವಿಲ್ಲ. ಸುಂಕವಿಲ್ಲದಿದ್ದರೆ ಮಾತ್ರ ಅಲ್ಲಿಯ ವ್ಯಾಪಾರಿಗೆ ಬಳ್ಳಾರಿಯ ಪ್ಯಾಂಟು ಬೇಕು. ಮೊದಲ ಆರುನೂರು ಒಪ್ಪಿಗೆಯಾದರೆ ವರ್ಷವಿಡೀ ಕೆಲಸ, ಮೂಲೆಯಲ್ಲಿ ಗೋಣಿಚೀಲ ಹೊದ್ದು ನಿಂತ ಹನ್ನೆರಡು ಮಷಿನ್ನೂ ಓಡುತ್ತವೆ. ಇದನ್ನೆಲ್ಲ ಅವನಿಗೆ ಬಿಡಿಸಿ ಹೇಳಿದವನು ಪಾರ್ವತಿನಗರದ ಸಿದ್ದಲಿಂಗೇಶ್. ಕಾಲೇಜಿನಲ್ಲಿ ಒಂದೇ ಬೆಂಚು. ಈಗ ರಫ್ತಿನ ಕಾಗದಪತ್ರ ಮಾಡಿಸಿಕೊಡುವ ಕೆಲಸ. "ಈ ಜನವರಿಯಿಂದ ನಮ್ಮ ದೇಶ, ಕೊರಿಯಾ ಬೀಗರಾಗ್ಯಾವ ಅಂತ ತಿಳಕೊಳಲೇ. ಬೀಗರ ಮನಿಗೆ ಬುತ್ತಿ ಒಯ್ಯುವಾಗ ಯಾರಾದ್ರೂ ಟೋಲ್ ಕಟ್ಟತಾರೇನು? ಆದ್ರ ಬುತ್ತಿ ನಿಮ್ಮನ್ಯಾಗ ಕಟ್ಟಿದ್ದಿರಬೇಕು. ಹೋಟೆಲಿಂದು ತಂದು ನಮ್ಮನೀದು ಅಂದ್ರ ನಡಿಯಂಗಿಲ್ಲ." ಈ ಮಾತನ್ನು ಇನಾಯತ್ ತನಗೆ ಹೊಲಿಗೆ ಕಲಿಸಿದ ಉಸ್ತಾದ್ ಇಮಾಮಸಾಬರಿಗೂ ಹೇಳಿದ್ದ. ಕೊನೆಯ ನೂರು ಪ್ಯಾಂಟಿನ ಹೊಲಿಗೆ ಕುರುಗೋಡಿನಲ್ಲಿ ಅವರ ಮನೆಯಲ್ಲೇ ನಡೆದಿತ್ತು. ಬೀಗರ ಮಾತು, ಬುತ್ತಿಯ ಮಾತು ಹೇಳಿದ. ಹೋಟೆಲಿನ ಮಾತು ಹೇಳಲಿಲ್ಲ. ನಮ್ಮದನ್ನು ನಮ್ಮದು ಎಂದೇ ಹೇಳಬೇಕಂತೆ ಉಸ್ತಾದ್, ಎಂಬ ಒಂದು ವಾಕ್ಯ ನಾಲಗೆಯ ತುದಿಗೆ ಬಂದು, ಅವರ ಮುಖ ನೋಡಿದೊಡನೆ ಒಣಗಿಹೋಗಿತ್ತು.

ಒಣಗಿದ್ದೇಕೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ನೂರನ್ನು ತರಲು ಕುರುಗೋಡಿಗೆ ಹೊರಟ ಓಮ್ನಿ ವ್ಯಾನು ಊರು ದಾಟುವವರೆಗೆ ಟಿಪ್ಪರುಗಳ ಸಾಲು. ಗಾಜು ಏರಿಸಿಕೊಂಡು ಬೆವರುತ್ತ ಕೂತಾಗ ಎದುರಿಗೆ ಕಂಡದ್ದು ಟಿಪ್ಪರಿನ ಹಿಂಬದಿಯಲ್ಲ, ಹದಿನೆಂಟು ವರ್ಷದ ಹಿಂದಿನ ಸಿರುಗುಪ್ಪ. ಅಕ್ಕಿ ಗಿರಣಿಯ ಅಂಗಳದಲ್ಲಿ ತನ್ನ ಮದುವೆಯ ಶಾಮಿಯಾನ, ತವುಡಿನ ವಾಸನೆ, ಗಿರಣಿಯ ಮಾಲೀಕರಾದ ಪರ್ವೀನಳ ದೊಡ್ಡಪ್ಪ ಅವನ ನೀಲಿ ಕೋಟಿನ ತೋಳನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿ, "ಎಲ್ಲಿ ತಗೊಂಡ್ರಿ ಅಳಿಯಂದ್ರು?" ಎಂದದ್ದು. ಆ ಕೋಟನ್ನು ಇಮಾಮಸಾಬ್ ಎಂಟು ದಿನ ಬೇರೆ ಕೆಲಸ ಮುಟ್ಟದೆ ಹೊಲಿದಿದ್ದರು. ಹೊಲಿದು, ಒಳಗೆ ಎದೆಯ ಹತ್ತಿರ, ಬಾಂಬೆಯಿಂದ ತರಿಸಿದ ಮಿರುಗುವ ಪಟ್ಟಿಯೊಂದನ್ನು ತಾವೇ ಕೂರಿಸಿದ್ದರು: ಮೇಡ್ ಇನ್ ಇಟಲಿ. ಬೀಗರೆದುರು ಹುಡುಗ ಕಡಿಮೆಯಾಗಬಾರದು ಎಂದು. ದೊಡ್ಡಪ್ಪ ಕೇಳಿದಾಗ ಉಸ್ತಾದ್ ಮೂರು ಮಾರು ದೂರದಲ್ಲಿ ಶರಬತ್ತಿನ ಲೋಟ ಹಿಡಿದು ನಿಂತಿದ್ದರು. ಇನಾಯತ್ ಅವರನ್ನು ನೋಡಿದ, ದೊಡ್ಡಪ್ಪನನ್ನು ನೋಡಿದ, "ಬಾಂಬೇದಾಗ ತಗೊಂಡೀನ್ರಿ" ಎಂದ. ಅಷ್ಟೇ ಆಗಿದ್ದರೆ ಮರೆತುಹೋಗುತ್ತಿತ್ತೋ ಏನೋ. ಆದರೆ ಉಸ್ತಾದ್ ಹತ್ತಿರ ಬಂದು, ನಕ್ಕು, "ಬಾಂಬೆ ಮಾಲಂದ್ರ ಅದರ ಹೊಲಿಗೇನಾ ಬ್ಯಾರೆ ಬಿಡ್ರಿ" ಎಂದು ತಾವೇ ಸಾಕ್ಷಿ ಹೇಳಿಬಿಟ್ಟರು. ಕೋಳೂರು ಕ್ರಾಸಿನಲ್ಲಿ ದಾರಿ ಬಿಡುವಾದಾಗ ಇನಾಯತ್ ಗಾಜು ಇಳಿಸಿದ. ಕಾಲುವೆಯ ಕಡೆಯ ಗಾಳಿ ತಣ್ಣಗೆ ಮುಖಕ್ಕೆ ಬಡಿಯಿತು, ಅವನಿಗೆ ಏನೂ ಹಗುರವೆನಿಸಲಿಲ್ಲ.

ಹದಿನಾಲ್ಕನೇ ವಯಸ್ಸಿಗೆ ಅವನು ಸೂಜಿ ಹಿಡಿದದ್ದು ಇಮಾಮಸಾಬರ ಬ್ರೂಸ್‌ಪೇಟೆಯ ಅಂಗಡಿಯಲ್ಲಿ. ಆ ಅಂಗಡಿಯಲ್ಲೊಂದು ಪದ್ಧತಿಯಿತ್ತು. ಪ್ರತಿ ದರ್ಜಿಗೂ ಒಂದು ಬಣ್ಣದ ದಾರ; ಹೊಲಿದು ಮುಗಿಸಿದ ಬಟ್ಟೆಯ ಒಳಗೆ ಕಣ್ಣಿಗೆ ಬೀಳದ ಕಡೆ ಆ ಬಣ್ಣದ್ದೊಂದು ಗಂಟು ಹಾಕಬೇಕು. ಹೊಲಿಗೆ ಬಿಟ್ಟರೆ ಯಾರದೆಂದು ತಿಳಿಯಲು, ಚೆನ್ನಾಗಿ ಬಂದರೂ ಯಾರದೆಂದು ತಿಳಿಯಲು. ಉಸ್ತಾದರದು ಹಳದಿ. ಇನಾಯತನಿಗೆ ಹಸಿರು ಕೊಟ್ಟ ದಿನ ಅವನು ಸಂಜೆಯವರೆಗೆ ಆ ರೀಲನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡಿದ್ದ. ಮುಂದೆ ತನ್ನದೇ ಹೊಲಿಗೆಮನೆ ತೆರೆದು, ಇಟಲಿ, ಅಮೆರಿಕ ಎಂದು ಬರೆದ ಪಟ್ಟಿ ಹಚ್ಚಿ ಸಂತೆ ಸಂತೆಗೆ ಪ್ಯಾಂಟು ಕಳಿಸಲು ತೊಡಗಿದಾಗ ಗಂಟಿನ ಪದ್ಧತಿ ನಿಲ್ಲಿಸಿದವನೂ ಅವನೇ. ಫಾರಿನ್ ಮಾಲಿನೊಳಗೆ ಬಣ್ಣದ ಗಂಟು ಕಂಡರೆ ಗಿರಾಕಿ ಏನೆಂದುಕೊಂಡಾನು? ಉಸ್ತಾದ್ ಆಗಲೂ "ಹೌದಪಾ, ಅದೂ ಖರೇನ" ಎಂದಿದ್ದರು. ಅವರು ಒಂದು ದಿನವಾದರೂ ಬೈದಿದ್ದರೆ ತನಗೆಷ್ಟೋ ನೆಮ್ಮದಿಯಾಗುತ್ತಿತ್ತು ಎಂದು ಇನಾಯತನಿಗೆ ಎಷ್ಟೋ ಸಲ ಅನಿಸಿದೆ.

ಕುರುಗೋಡಿನಲ್ಲಿ ಗುಡ್ಡದ ಬುಡದ ಆ ಮನೆಯ ಪಡಸಾಲೆಯಲ್ಲಿ ನೂರು ಪ್ಯಾಂಟು ನಾಲ್ಕು ಸಾಲಾಗಿ ಮಡಚಿ ಕೂತಿದ್ದವು. ದಾರ ಕತ್ತರಿಸಲು ಬರುವ ಪಕ್ಕದ ಮನೆಯ ಹುಲುಗಮ್ಮ ಬಾಗಿಲಲ್ಲೇ ತಡೆದು, "ಚಪ್ಪಲಿ ಬಿಟ್ಟು ಬರ್ರಿ ಸಾಹುಕಾರ್ರ, ನಿಮ್ಮ ಉಸ್ತಾದ್ರು ಬೆಳಿಗ್ಗಿಂದ ನಮ್ಮನ್ನ ಒಳಗ ಕಾಲಿಡಾಕ ಕೊಟ್ಟಿಲ್ಲ" ಎಂದಳು. ಇಮಾಮಸಾಬ್ ಇಸ್ತ್ರಿ ಮಾಡಿದ ಬಿಳಿ ಜುಬ್ಬ ತೊಟ್ಟು, ಕಣ್ಣಿಗೆ ಸುರ್ಮಾ ಹಚ್ಚಿ ತಯಾರಾಗಿದ್ದರು. ಎಪ್ಪತ್ತೆರಡು ದಾಟಿದ ಕಣ್ಣು. ಸೂಜಿಗೆ ದಾರ ಪೋಣಿಸಲು ಹುಲುಗಮ್ಮ ಬೇಕು, ಪೋಣಿಸಿಕೊಟ್ಟರೆ ಮಾತ್ರ ಕೈ ಇನ್ನೂ ಮೂವತ್ತರದ್ದು. "ನೋಡಲೇ" ಎಂದು ಮೇಲಿನ ಪ್ಯಾಂಟನ್ನು ಎರಡೂ ಅಂಗೈ ಮೇಲೆ ಎತ್ತಿಕೊಟ್ಟರು. ಹೊಲಿಗೆ ಗೆರೆ ಎಳೆದಂತಿತ್ತು. ಸೊಂಟದ ಒಳಗೆ, ತಾನು ಕಳಿಸಿದ್ದ, ಮೇಡ್ ಇನ್ ಇಂಡಿಯಾ ಎಂದು ಬರೆದ ಬೆರಳುದ್ದದ ಬಿಳಿ ಪಟ್ಟಿ ಇರಬೇಕಾದ ಜಾಗದಲ್ಲಿ, ಕಪ್ಪು ರೇಷ್ಮೆಯ ಮೇಲೆ ಚಿನ್ನದ ಅಕ್ಷರ ಮಿರುಗಿತು. ಮೇಡ್ ಇನ್ ಇಟಲಿ. ಇನಾಯತ್ ಎರಡನೆಯದನ್ನು ತೆಗೆದ. ಹತ್ತನೆಯದನ್ನು, ಮೂಲೆಯ ಸಾಲಿನದನ್ನು ತೆಗೆದ.

"ನೂರರಾಗೂ ಹಚ್ಚೀನಿ, ಹುಡಕಬ್ಯಾಡ," ಎಂದು ಇಮಾಮಸಾಬ್ ನಕ್ಕರು. "ನೀ ಕಳಿಸಿದ ಬಿಳಿ ಚಿಂದಿ ಡಬ್ಬ್ಯಾಗ ಹಂಗೇ ಅದಾವ. ಬೀಗರ ಮನಿಗೆ ಹೋಗೂ ಮಾಲಿಗೆ ಅದನ್ನ ಹಚ್ಚಾಕ ನನ್ನ ಕೈ ಬರಲಿಲ್ಲಲೇ. ಇವು ನಿನ್ನ ಮದುವಿ ಕೋಟಿಗೆ ತರಿಸಿದ ಕಟ್ಟಿನಾಗಿನವು. ನೂರಾ ಒಂದಿದ್ವು. ಒಂದು ನಿನಗ ಹಚ್ಚಿದ್ದೆ, ನೂರು ಉಳಿದಿದ್ವು, ನೋಡು ಲೆಕ್ಕ ಹೆಂಗ ಸರಿಯಾತು."

ಈಗ ಹೇಳಬೇಕು. ಹೇಳಲು ಬಾಯಿ ತೆರೆದ ಇನಾಯತನಿಗೆ ಕೇಳಿಸಿದ್ದು ತನ್ನದೇ ದನಿ, "ಭಾಳ ಛಂದಾಗ್ಯಾವ ಉಸ್ತಾದ್." ಹೊಲಿಗೆಮನೆಗೆ ಒಯ್ದು, ಪರ್ವೀನ್, ದಾರ ಕತ್ತರಿಸುವ ಜಡೆಮ್ಮ, ಅವಳ ಜೊತೆಯ ನಾಲ್ವರು ಹೆಂಗಸರನ್ನು ಕೂರಿಸಿ ಬಿಚ್ಚಿಸಿಬಿಟ್ಟರೆ ಒಂದು ತಾಸಿನ ಕೆಲಸ; ಇವರಿಗೆ ಗೊತ್ತೇ ಆಗದು ಎಂದು ಲೆಕ್ಕ ಹಾಕಿ, ಬಿಳಿ ಪಟ್ಟಿಯ ಡಬ್ಬಿಯನ್ನು ಮೆಲ್ಲಗೆ ಬಗಲಿಗೆ ಸೇರಿಸಿ, ಪ್ಯಾಂಟಿನ ಮೂಟೆಗಳನ್ನು ವ್ಯಾನಿಗೆ ಹಾಕಿದ. ತಿರುಗಿ ನೋಡಿದರೆ ಇಮಾಮಸಾಬ್ ಮುಂದಿನ ಸೀಟಿನಲ್ಲಿ ಕೂತು ಜುಬ್ಬದ ಸುಕ್ಕು ಸರಿಮಾಡಿಕೊಳ್ಳುತ್ತಿದ್ದರು. "ನಾನೂ ಬರತೀನಿ. ಕಳಿಸಿಕೊಡೂದು ಅಂದ್ರ ಊರ ಬಾಗಿಲ ತನಕರ ಬರಬೇಕಲ್ಲ?" ದಾರಿಯುದ್ದಕ್ಕೂ ಅವರು ಮಾತಾಡಿದರು. ಕೊರಿಯಾದವರು ಗಿಡ್ಡವೋ ಎತ್ತರವೋ, ಅಲ್ಲಿ ಚಳಿಯೋ ಬಿಸಿಲೋ, ಅವರ ಸೊಂಟ ನಮ್ಮಂತೆಯೇ ಇರುತ್ತದೆಯೋ. ಇನಾಯತ್ ಹೂಂಗುಟ್ಟಿದ. ನಲವತ್ತಾರು ವರ್ಷದ ಗಂಡಸು, ಇಪ್ಪತ್ತು ಜನರ ಯಜಮಾನ, ಪಕ್ಕದಲ್ಲಿ ಕೂತ ಮುದುಕನಿಗೆ ಒಂದು ಮಾತು ಹೇಳಲಾರದೆ ಎದುರಿನ ಟಿಪ್ಪರಿಗೆ ಸುಮ್ಮಸುಮ್ಮನೆ ಹಾರ್ನ್ ಹೊಡೆದ. ತನ್ನ ಮೇಲೆ ತನಗೇ ಬಂದ ಸಿಟ್ಟು ಹಾಗೆ ಟಿಪ್ಪರಿನವನ ಪಾಲಾಯಿತು.

ಹೇಡಿಯ ಲೆಕ್ಕ ಎಂದೂ ಕೂಡುವುದಿಲ್ಲ ಎನ್ನುವಂತೆ ಅಧಿಕಾರಿ ಒಂದೂವರೆ ತಾಸು ಮೊದಲೇ ಬಂದು ಕೂತಿದ್ದರು. ಸುನಂದಾ ಎಂದು ಹೆಸರು. ಐವತ್ತರ ಆಸುಪಾಸು, ಹತ್ತಿ ಸೀರೆ, ಟೀ ಬೇಡ, ತಂಪು ಬೇಡ, ಮನೆಯಿಂದ ತಂದ ನೀರಿನ ಬಾಟಲಿ ಮೇಜಿನ ಮೇಲೆ. ಬಟ್ಟೆ ಬಂದ ಬಿಲ್ಲು, ಕಟಿಂಗಿನ ದಿನಚರಿ, ಯಾರಿಗೆ ಎಷ್ಟು ಹೊಲಿಯಲು ಕೊಟ್ಟದ್ದೆಂಬ ಚೀಟಿ ಒಂದೊಂದನ್ನೂ ನೋಡಿ, ಚಾದರ ಸರಿಸಿ ಐನೂರರಲ್ಲಿ ಅಲ್ಲಲ್ಲಿ ಕೈ ಹಾಕಿ ತೆಗೆದು ನೋಡಿ ಮುಗಿಸಿದ್ದರು. ಸಿದ್ದಲಿಂಗೇಶ್ ಹೆಬ್ಬೆರಳೆತ್ತಿ ಸನ್ನೆ ಮಾಡಿದ. ಪರ್ವೀನ್ ಮಾತ್ರ ಗಂಡನ ಮುಖ ನೋಡಿದವಳೇ ಬಂದು, ಕುರುಗೋಡಿನ ಮೂಟೆ ಬಿಚ್ಚಿ ಒಂದು ಪ್ಯಾಂಟನ್ನು ತಿರುವಿ ನೋಡಿ, "ಯಾ ಅಲ್ಲಾ" ಎಂದು ಅಷ್ಟೇ ಬೇಗ ಮಡಚಿದಳು. ಮಡಚಿದ್ದನ್ನು ಸುನಂದಾ ನೋಡಿದರು. ಎದ್ದು ಬಂದು ಅದನ್ನೇ ಬಿಚ್ಚಿದರು.

"ಏನ್ರಿ ಇದು? ಅರ್ಜಿಯಲ್ಲಿ ಭಾರತ ಅಂತ ಬರೆದಿದ್ದೀರಿ. ಪ್ಯಾಂಟು ಇಟಲಿ ಅಂತಿದೆ." ದನಿ ಏರಿರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಯಾರು ಹೊಲಿದದ್ದು ಇದನ್ನ?"

ಮಷಿನ್ನುಗಳು ಒಂದೊಂದಾಗಿ ನಿಂತವು. ಸಿದ್ದಲಿಂಗೇಶನೇ ಮೊದಲು ಸಾವರಿಸಿಕೊಂಡ. "ಮೇಡಂ, ಅದು ಬ್ಯಾರೆ ಮಾಲ್ರಿ. ಇಲ್ಲೇ ಅಂಗಡಿಗೆ ಮಾರಾಕಂತ ಬಾಂಬೆಯಿಂದ ತರಿಸಿದ್ದು. ಗಡಿಬಿಡ್ಯಾಗ ಇದ್ರಾಗ ಸೇರೈತಿ. ಕೊರಿಯಾಕ್ಕ ಹೋಗೂವು ಆ ಐನೂರೇ. ಹೌದಲ್ಲೋ ಇನಾಯತ್?" ಹೇಳುತ್ತ ಗೆಳೆಯನ ಪಾದವನ್ನು ಬೂಟಿನಲ್ಲಿ ಮೆಲ್ಲಗೆ ಒತ್ತಿದ. ಅದು ಒಳ್ಳೆಯ ದಾರಿಯೇ. ಒಂದು ಹೌದು ಎಂದರೆ ಐನೂರಾದರೂ ಲಾರಿ ಹತ್ತುತ್ತವೆ, ವರ್ಷದ ಕೆಲಸ ಉಳಿಯುತ್ತದೆ, ನೂರು ಕಡಿಮೆಯಾದದ್ದಕ್ಕೆ ಏನಾದರೊಂದು ಸಬೂಬು ಸಿಗುತ್ತದೆ. ಇಲ್ಲ ಎಂದರೆ, ಒಂದು ಸುಳ್ಳು ಪಟ್ಟಿ ಸಿಕ್ಕ ಕಡೆ ಉಳಿದ ಐನೂರನ್ನು ಈಕೆ ಏಕೆ ನಂಬಬೇಕು? ಇನಾಯತ್ ಉಸ್ತಾದರ ಕಡೆ ನೋಡಿದ. ಇಮಾಮಸಾಬ್ ನೂರು ಪ್ಯಾಂಟಿನ ಪಕ್ಕ ನಿಂತಿದ್ದರು. ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದರು. ಏನು ತಪ್ಪಾಗಿದೆ ಎಂದು ಪೂರ್ತಿ ತಿಳಿಯದಿದ್ದರೂ ತಪ್ಪು ತಮ್ಮ ಕೈಯಿಂದಲೇ ಆಗಿದೆ ಎಂಬುದು ಅವರಿಗೆ ತಿಳಿದಿತ್ತು. ಒಂದು ಹೆಜ್ಜೆ ಮುಂದೆ ಬಂದು, ಅದೇ ನಗು ನಕ್ಕು, "ಹೌದವ್ವಾ, ಬಾಂಬೆ ಮಾಲು ಅದು. ಅದರ ಹೊಲಿಗೇನಾ ಬ್ಯಾರೆ" ಎಂದರು.

ಇನಾಯತನ ಮೂಗಿಗೆ ಗಿರಣಿಯ ತವುಡಿನ ವಾಸನೆ ಬಡಿದಂತಾಯಿತು. "ಅಲ್ಲ ಮೇಡಂ," ಎಂದ. ದನಿ ಒಡೆದು ಹುಡುಗನ ದನಿಯಂತಾಗಿತ್ತು. ಹೆಂಗಸರೆಲ್ಲ ನೋಡುತ್ತಿದ್ದರು. "ಅಲ್ಲ. ಇವರು ಹೊಲದಿದ್ದು. ಇಮಾಮಸಾಬ್ ಅಂತ, ನಮ್ಮ ಉಸ್ತಾದರು. ಕುರುಗೋಡಾಗ ಇವರ ಮನಿ. ನನಗ ಸೂಜಿ ಹಿಡಿಯಾಕ ಕಲಿಸಿದವರು. ಪಟ್ಟಿ ಹಚ್ಚಿದ್ದು ಇವರ ತಪ್ಪಲ್ರಿ, ನಾ ಇವರಿಗೆ ಅರ್ಧಾ ಹೇಳಿದ್ದೆ, ಅರ್ಧಾ ಹೇಳಿರಲಿಲ್ಲ. ನನ್ನ ಮದುವ್ಯಾಗ ನಾ ಹಾಕ್ಕೊಂಡಿದ್ದ ಕೋಟು, ಅದನ್ನೂ ಇವರೇ ಹೊಲದಿದ್ರು. ಅದು ಬಾಂಬೇದಲ್ಲ."

ಸುನಂದಾ ಕೈಯಲ್ಲಿದ್ದ ಪ್ಯಾಂಟನ್ನು ಮೇಜಿನ ಮೇಲಿಟ್ಟರು. "ಕೋಟಿನ ವಿಷಯ ನಾನು ಕೇಳಲಿಲ್ಲ," ಎಂದರು. ಸಿದ್ದಲಿಂಗೇಶ್ ಹಣೆ ಚಚ್ಚಿಕೊಂಡ. ಪರ್ವೀನ್ ಸೆರಗಿನ ಮರೆಯಲ್ಲಿ ಮೂಗು ಒರೆಸಿಕೊಂಡಳು. ಅವಳಿಗೆ ಆ ಕೋಟು ಬಾಂಬೆಯದೆಂದೇ ಹದಿನೆಂಟು ವರ್ಷ ಗೊತ್ತಿದ್ದದ್ದು.

"ಇವರೇ ಹೊಲಿದದ್ದು ಅಂತ ಚೀಟಿಯಲ್ಲಿದೆ. ಸರಿ," ಎಂದು ಸುನಂದಾ ಮುಂದುವರಿಸಿದರು. "ಆದರೆ ಚೀಟಿ ಯಾರು ಬೇಕಾದರೂ ಬರೀಬಹುದು. ಇಟಲಿಯ ಪಟ್ಟಿ ಕಣ್ಣೆದುರಿಗಿದೆ. ನಾನು ಯಾವುದನ್ನ ನಂಬಲಿ?"

ಇಮಾಮಸಾಬ್ ಪರ್ವೀನಳ ಕಡೆ ಕೈ ಚಾಚಿದರು. "ಬ್ಲೇಡು ಕೊಡವ್ವಾ." ಪ್ಯಾಂಟಿನ ಸೊಂಟವನ್ನು ಮೊಣಕಾಲ ಮೇಲೆ ಹರವಿ, ಕಣ್ಣಿನಿಂದಲ್ಲ, ಹೆಬ್ಬೆರಳಿನಿಂದ ಹೊಲಿಗೆಯ ಮೂಲೆ ಹುಡುಕಿ, ಒಂದೇ ಎಳೆತಕ್ಕೆ ಪಟ್ಟಿ ಎಬ್ಬಿಸಿದರು. ಬಟ್ಟೆಗೆ ಗೀರೂ ಬೀಳಲಿಲ್ಲ. ಪಟ್ಟಿ ಇದ್ದ ಜಾಗದಲ್ಲಿ, ನೀಲಿಯ ಮೇಲೆ, ಸಾಸಿವೆ ಕಾಳಿನಷ್ಟು ಹಳದಿ ಗಂಟು. "ಇದು ನನ್ನ ಗುರುತು ತಾಯಿ. ಪಟ್ಟಿ ಹಚ್ಚೂಕಿಂತ ಮೊದಲಾ ಹಾಕಿದ್ದು. ನೂರರಾಗೂ ಐತಿ. ಕಾಣಬಾರದಂತ ಕೆಳಗ ಇಟ್ಟಿದ್ದೆ." ಸುನಂದಾ ತಾವೇ ಆರಿಸಿ ಬೇರೆ ಬೇರೆ ಸಾಲಿನಿಂದ ಎಂಟು ಪ್ಯಾಂಟು ಕೊಟ್ಟರು. ಎಂಟರಲ್ಲೂ ಹಳದಿ. ಅವರು ಬಗ್ಗಿ ಬೆರಳ ತುದಿಯಿಂದ ಒಂದು ಗಂಟನ್ನು ಮುಟ್ಟಿ ನೋಡಿದರು. "ಇದನ್ನೂ ಕಿತ್ತುಬಿಡಲ್ರಿ?" ಎಂದು ಮುದುಕ ಕೇಳಿದಾಗ, "ಅದೇಕೆ? ಅದು ಇರಲಿ" ಎಂದರು. ಗಡಿಯಾರ ನೋಡಿದರು. "ನೂರು ಪಟ್ಟಿಯೂ ನನ್ನೆದುರಿಗೆ ಬಿಚ್ಚಬೇಕು, ಸರಿಯಾದದ್ದು ಕೂರಬೇಕು. ನಾಲ್ಕೂವರೆಗೆ ನಾನು ಹೊರಡುತ್ತೇನೆ."

ಆಮೇಲಿನ ಒಂದೂವರೆ ತಾಸು ಆ ಹೊಲಿಗೆಮನೆಯಲ್ಲಿ ಮದುವೆ ಮನೆಯ ಗದ್ದಲವೆದ್ದಿತು. ಗೋಣಿಚೀಲ ತೆಗೆದು ಒಣಗಿದ ಮಷಿನ್ನಿಗೆ ಎಣ್ಣೆ ಬಿಟ್ಟರು. ಇಮಾಮಸಾಬ್ ಬಿಚ್ಚುವುದು, ಜಡೆಮ್ಮ ಸಾಗಿಸುವುದು, ಇನಾಯತ್, ಪರ್ವೀನ್ ಬಿಳಿ ಪಟ್ಟಿ ಹೊಲಿಯುವುದು. ಸಿದ್ದಲಿಂಗೇಶನೂ ಒಂದು ಬ್ಲೇಡು ಹಿಡಿದು, ಎರಡನೇ ಪಟ್ಟಿಗೇ ಬೆರಳು ಕೊಯ್ದುಕೊಂಡು, "ಹೋಗತ್ಲಾಗ, ನಿಂದು ಕಾಗದದ ಕೈ" ಎಂದು ಜಡೆಮ್ಮನಿಂದ ಬೈಸಿಕೊಂಡ. ಎಷ್ಟೋ ವರ್ಷದ ಮೇಲೆ ಇನಾಯತ್ ತಾನೇ ಮಷಿನ್ನಿಗೆ ಕೂತಿದ್ದ. ಪಟ್ಟಿ ಈಗ ಗಂಟನ್ನು ಮುಚ್ಚದಂತೆ ಒಂದು ಬೆರಳು ಪಕ್ಕಕ್ಕೆ ಸರಿಸಿ ಹೊಲಿಯುತ್ತಿದ್ದ; ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ನಾಲ್ಕೂ ಇಪ್ಪತ್ತಕ್ಕೆ ನೂರನೆಯದು ಮುಗಿಯಿತು. ಸುನಂದಾ ಹೊಲಿದವರ ಹೆಸರು ಬರೆಯಿಸಿಕೊಂಡರು: ಇಮಾಮಸಾಬ್, ಕುರುಗೋಡು. ಬರೆದುಕೊಂಡು, ರುಜು ಹಾಕಿ, ತಮ್ಮ ನೀರಿನ ಬಾಟಲಿ ಎತ್ತಿಕೊಂಡು ಹೋದರು. ಲಾರಿ ಐದೂ ಕಾಲಿಗೆ ಓಣಿಯ ತಿರುವು ದಾಟಿತು.

"ನನ್ನ ಹೆಸರೂ ಕೊರಿಯಾ ತನಕ ಹೋಗತೈತೇನಲೇ?" ಎಂದು ಇಮಾಮಸಾಬ್ ಟೀ ಲೋಟ ಹಿಡಿದು ಕೇಳಿದರು. ಹೌದು ಎಂದುಬಿಡಬಹುದಿತ್ತು. "ಇಲ್ಲ ಉಸ್ತಾದ್. ಅದು ಬೆಂಗಳೂರಿನ ಫೈಲಿನಾಗ ಇರತೈತಿ, ಅಷ್ಟೇ," ಎಂದ ಇನಾಯತ್. ಅವರು "ಬೆಂಗಳೂರೇನು ಕಮ್ಮಿ ಊರೇನು?" ಎಂದು ಟೀ ಕುಡಿದರು. ಕಾಲ ಬಳಿ ನೂರು ಇಟಲಿ ಪಟ್ಟಿಗಳು ಚಿಂದಿ ದಾರದೊಂದಿಗೆ ಬಿದ್ದಿದ್ದವು.

ಇನಾಯತ್ ಮಹಡಿ ಹತ್ತಿದ. ಹಾಸಿಗೆಯ ಕೆಳಗಿನ ಟ್ರಂಕಿನಲ್ಲಿ, ಪರ್ವೀನಳ ಮದುವೆಯ ದುಪಟ್ಟಾದ ಕೆಳಗೆ, ಕರ್ಪೂರದ ವಾಸನೆಯ ನೀಲಿ ಕೋಟು. ಎದೆಯ ಹತ್ತಿರದ ಪಟ್ಟಿ ಇನ್ನೂ ಮಿರುಗುತ್ತಿತ್ತು. ಬ್ಲೇಡು ತಾಗಿ ಒಂದು ಮೂಲೆ ಹರಿಯಿತು, ಉಳಿದದ್ದು ಬಿಚ್ಚಿಕೊಂಡಿತು. ಕೆಳಗೆ ಹಳದಿ ಗಂಟು, ಬೆಳಕು ಕಾಣದ್ದಕ್ಕೋ ಏನೋ, ಇವತ್ತಿನವಕ್ಕಿಂತಲೂ ಗಾಢವಾಗಿ. ಬಾಂಬೆಯದು ಎಂದು ಹೇಳಿದಾಗಲೂ ಅದು ಅಲ್ಲೇ ಇತ್ತು, ತನ್ನ ಎದೆಗೆ ತಾಗಿಕೊಂಡು. ಹಿಂದೆ ಬಂದು ನಿಂತಿದ್ದ ಪರ್ವೀನ್, "ಹಾಕ್ಕೊಂಡು ಕೆಳಗ ಹೋಗ್ರಿ, ಅವರಿಗೆ ತೋರಸ್ರಿ" ಎಂದಳು.

ಕೋಟು ತೊಟ್ಟ. ತೋಳು ಸರಿಯಾಯಿತು, ಹೊಟ್ಟೆಯ ಮೇಲೆ ಗುಂಡಿ ಹತ್ತಿರಕ್ಕೂ ಬರಲಿಲ್ಲ. ಹಾಗೇ ಇಳಿದು ಹೋಗಿ ಉಸ್ತಾದರೆದುರು ನಿಂತು, ಎದೆಯ ಒಳಮಗ್ಗುಲು ತೆರೆದು ತೋರಿಸಿದ. ಹೇಳಬೇಕೆಂದುಕೊಂಡದ್ದು ಬಹಳವಿತ್ತು. "ಉಸ್ತಾದ್, ಅವತ್ತು ಸಿರುಗುಪ್ಪದಾಗ ನಾ ತಪ್ಪು ಮಾಡಿದೆ" ಎಂಬಷ್ಟು ಮಾತ್ರ ಹೊರಗೆ ಬಂತು, ಕಣ್ಣು ತುಂಬಿತು.

ಇಮಾಮಸಾಬ್ ಗಂಟನ್ನು ನೋಡಲಿಲ್ಲ. ಅದು ಅಲ್ಲಿದೆಯೆಂದು ಅವರಿಗೆ ಗೊತ್ತಿತ್ತು. ಮುದಿ ಬೆರಳುಗಳು ಕೋಟಿನ ಪಕ್ಕೆಯ ಹೊಲಿಗೆ ಹಿಡಿದು ಮೇಲಿಂದ ಕೆಳಗೆ ಹೋದವು, ಒಳಗೆ ಏನನ್ನೋ ತಡಕಿ ನಿಂತವು. "ಗುಂಡಿ ಹತ್ತವಲ್ದೇನು? ಎರಡೂ ಕಡೆ ಒಳಗ ಎರಡೆರಡು ಇಂಚು ಬಟ್ಟಿ ಮಡಚಿ ಬಿಟ್ಟೀನಿ. ಮುಂದ ದಪ್ಪ ಆಗತೀ ಅಂತ ನನಗ ಆವಾಗ್ಲೇ ಗೊತ್ತಿತ್ತಲೇ. ನೀ ತಂದು ಕೊಡಲೇ ಇಲ್ಲ," ಎಂದರು. "ತಗಿ. ಬಿಚ್ಚಿ ಕೊಡತೀನಿ."

ಇನಾಯತ್ ಕೋಟು ತೆಗೆದು ಅವರ ಮಡಿಲಲ್ಲಿಟ್ಟು, ಸೂಜಿಗೆ ಹಳದಿ ದಾರ ಪೋಣಿಸಲು ಕೂತ.